ಸೌಕಾರ್‌ಪೇಟೆಯಿಂದ ವಡಲೂರಿನ ಒಲೆಯವರೆಗೆ

ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ತಮಿಳು ಸಂತರೊಬ್ಬರ ಚರಿತ್ರೆ ಏಕೆಂದು ಕೆಲವು ಓದುಗರಿಗೆ ತೋರಬಹುದು. ಪ್ರಶ್ನೆ ನ್ಯಾಯವಾದುದೇ. ನಾಡಹಬ್ಬದ ದಿನ ಪಂಪನನ್ನೂ ಬಸವಣ್ಣನವರನ್ನೂ ಪುರಂದರದಾಸರನ್ನೂ ನೆನೆಯುವುದು ನಮ್ಮ ವಾಡಿಕೆ. ಅದು ನಮ್ಮ ಹಕ್ಕು, ನಮ್ಮ ಹರ್ಷ. ಆದರೆ ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ವ್ಯಾಪಾರಕ್ಕಾಗಿಯೋ ಹೊರನಾಡಿಗೆ ಬಂದು ನೆಲಸಿದ ನಾವು, ನಮಗೆ ನೆಲೆಯಿತ್ತ ಊರಿನಲ್ಲಿ ಆಗಿಹೋದ ದೊಡ್ಡ ಬಾಳುಗಳನ್ನು ಅರಿಯದೆ ಇದ್ದರೆ ಛತ್ರದಲ್ಲಿ ತಂಗಿ ಎದ್ದುಹೋದವರಂತೆ ಆಗುತ್ತೇವೆ. ಅದಕ್ಕಿಂತಲೂ ಮುಖ್ಯವಾದ ಕಾರಣ ಬೇರೊಂದಿದೆ. ಮತಕ್ಕೆ ಮತ, ವಾದಕ್ಕೆ ವಾದ ಎದುರಾಗಿ ನಿಂತ ಕಾಲದಲ್ಲಿ ಮನುಷ್ಯನು ತನ್ನ ಬಾಳಿಗೆ ಅರ್ಥವನ್ನು ಎಲ್ಲಿ ಕಂಡುಕೊಳ್ಳಬೇಕು ಎಂಬ ಪ್ರಶ್ನೆಗೆ, ಸೌಕಾರ್‌ಪೇಟೆಯ ಒಂದು ಬೀದಿಯಲ್ಲಿ ಬೆಳೆದ ಹುಡುಗನೊಬ್ಬನು ಮುಂದೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟನು. ಆ ಉತ್ತರ ಕನ್ನಡಿಗರಿಗೆ ಹೊಸದಲ್ಲ, ಆದರೆ ಮರೆತುಹೋಗುವಂಥದು.

ಸೌಕಾರ್‌ಪೇಟೆ ಎಂದರೆ ಸಾಹುಕಾರರ ಪೇಟೆ. ಹಳೆಯ ಚೆನ್ನಪಟ್ಟಣದ ಪೆದ್ದನಾಯಕನಪೇಟೆಗೆ ಸೇರಿದ ಈ ಭಾಗದಲ್ಲಿ ಗುಜರಾತಿನ ವರ್ತಕರು, ಮಾರವಾಡದ ಲೇವಾದೇವಿಗಾರರು, ತೆಲುಗು ಕೋಮಟಿಗರು, ತಮಿಳು ಚೆಟ್ಟಿಯಾರರು ಒತ್ತಾಗಿ ನೆಲಸಿದರು. ಮಿಂಟ್ ಬೀದಿಗೆ ಆ ಹೆಸರು ಬಂದದ್ದು ಕಂಪನಿ ಸರಕಾರದ ಟಂಕಸಾಲೆಯಿಂದ. ಪೇಟೆಯ ಪಶ್ಚಿಮದ ವಾಲ್‌ಟ್ಯಾಕ್ಸ್ ರಸ್ತೆಯ ಹೆಸರಿನ ಹಿಂದೆ ನಮ್ಮ ಮೈಸೂರಿನ ನೆನಪೂ ಅಡಗಿದೆ. 1769ರಲ್ಲಿ ಹೈದರಾಲಿಯ ಕುದುರೆ ದಂಡು ಮದರಾಸಿನ ಬಾಗಿಲಿಗೇ ಬಂದು ಕಂಪನಿಯವರಿಂದ ಒಪ್ಪಂದ ಬರೆಸಿಕೊಂಡಿತು. ಆ ಭಯದಿಂದ ಇಂಗ್ಲಿಷರು ಪೇಟೆಯ ಸುತ್ತ ಬಲವಾದ ಗೋಡೆ ಎಬ್ಬಿಸಿ, ಅದರ ವೆಚ್ಚವನ್ನು ನಿವಾಸಿಗಳಿಂದ ತೆರಿಗೆಯಾಗಿ ವಸೂಲು ಮಾಡಲು ಹೊರಟರು. ಗೋಡೆ ಬಹುಮಟ್ಟಿಗೆ ಹೋಯಿತು. ತೆರಿಗೆಯ ಹೆಸರು ಮಾತ್ರ ರಸ್ತೆಗೆ ಉಳಿಯಿತು.

ಮುಂದೆ ದಕ್ಷಿಣ ಕನ್ನಡವೂ ಬಳ್ಳಾರಿಯೂ ಮದರಾಸು ಆಧಿಪತ್ಯಕ್ಕೆ ಸೇರಿದ್ದರಿಂದ, ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿ ಮದರಾಸೇ ಆಗಿತ್ತು. 1857ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯಕ್ಕೆ ಓದಲು, 1862ರಲ್ಲಿ ಏರ್ಪಟ್ಟ ಉಚ್ಚ ನ್ಯಾಯಾಲಯಕ್ಕೆ ದಾವೆ ನಡೆಸಲು ಅವರು ಇಲ್ಲಿಗೇ ಬರಬೇಕಾಗಿತ್ತು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ದಕ್ಷಿಣ ಕನ್ನಡ, ಕೊಳ್ಳೇಗಾಲಗಳೂ ಮೈಸೂರು ರಾಜ್ಯವನ್ನು ಸೇರುವವರೆಗೆ ಈ ನಂಟು ನಡೆಯಿತು. ಆದುದರಿಂದ ಈ ಪೇಟೆಯ ಚರಿತ್ರೆ ನಮಗೆ ತೀರ ಹೊರಗಿನದಲ್ಲ.

ಪೇಟೆಯಲ್ಲಿ ಹಣಕ್ಕೆ ಬರವಿರಲಿಲ್ಲ, ಜಗಳಕ್ಕೂ ಬರವಿರಲಿಲ್ಲ. ಬಲಗೈ, ಎಡಗೈ ಎಂಬ ಜಾತಿಪಂಗಡಗಳ ಕಲಹ 1707ರಲ್ಲಿ ಎಷ್ಟು ಬೆಳೆಯಿತೆಂದರೆ, ಬಲಗೈಯವರಿಗೆ ಪೆದ್ದನಾಯಕನಪೇಟೆ, ಎಡಗೈಯವರಿಗೆ ಮುತ್ತ್ಯಾಲಪೇಟೆ ಎಂದು ಬೀದಿಗಳನ್ನೇ ಹಂಚಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಜಾತಿಯ ಜಗಳದ ಜೊತೆಗೆ ಮತದ ವಾದವೂ ಸೇರಿತು. ಒಂದು ಕಡೆ ಪಾದ್ರಿಗಳ ಶಾಲೆಗಳು ಮತ್ತು ಅಚ್ಚುಕೂಟಗಳು, ಇನ್ನೊಂದು ಕಡೆ ಅವರನ್ನು ಖಂಡಿಸುವ ಹಿಂದೂ ಸಭೆಗಳು. ಶೈವರಿಗೂ ವೈಷ್ಣವರಿಗೂ ಇದ್ದ ಹಳೆಯ ತಕರಾರು. 1864ರಲ್ಲಿ ಕೇಶವಚಂದ್ರ ಸೇನರು ಬಂದುಹೋದ ಮೇಲೆ ಹುಟ್ಟಿದ ವೇದಸಮಾಜ. ಒಬ್ಬರ ಖಂಡನೆಗೆ ಇನ್ನೊಬ್ಬರು ಪ್ರತಿಖಂಡನೆ ಅಚ್ಚು ಹಾಕಿಸುವ ಕಾಲವದು. ಅಚ್ಚಿನ ಮೊಳೆ ಬಂದಿತೆಂದರೆ ಜ್ಞಾನ ಹರಡುವಷ್ಟೇ ಬೇಗ ಜಗಳವೂ ಹರಡುತ್ತದೆ ಎಂಬುದಕ್ಕೆ ಅಂದಿನ ಮದರಾಸು ಒಳ್ಳೆಯ ನಿದರ್ಶನ.

ಈ ಪೇಟೆಗೆ ಸೇರಿಕೊಂಡಂತೆ ಏಳು ಬಾವಿ ಎಂಬ ಮೊಹಲ್ಲೆ ಇದೆ, ತಮಿಳಿನಲ್ಲಿ ಏಳುಕಿಣರು. ಕೋಟೆಗೆ ಸಿಹಿನೀರು ಒದಗಿಸುವುದಕ್ಕಾಗಿ 1772ರಲ್ಲಿ ಕೈಗೊಂಡ ಬಾವಿಗಳ ಯೋಜನೆಯಿಂದ ಬಂದ ಹೆಸರು ಅದು. ಅಲ್ಲಿಯ ವೀರಾಸ್ವಾಮಿ ಪಿಳ್ಳೆ ಬೀದಿಯಲ್ಲಿ ಸಭಾಪತಿ ಪಿಳ್ಳೆ ಎಂಬವರು ಪುರಾಣ ಹೇಳಿ ಸಂಸಾರ ಸಾಗಿಸುತ್ತಿದ್ದರು. ಅವರ ಕಿರಿಯ ತಮ್ಮನೇ ರಾಮಲಿಂಗ. ಚಿದಂಬರದ ಸೀಮೆಯ ಮರುದೂರಿನಲ್ಲಿ 1823ರ ಅಕ್ಟೋಬರ್ 5ರಂದು ಹುಟ್ಟಿದ ಈ ಮಗು ಹಸುಗೂಸಾಗಿದ್ದಾಗಲೇ ತಂದೆ ರಾಮಯ್ಯ ಪಿಳ್ಳೆಯವರು ತೀರಿಕೊಂಡರು. ತಾಯಿ ಚಿನ್ನಮ್ಮೆಯವರು ಮಕ್ಕಳನ್ನು ಕಟ್ಟಿಕೊಂಡು ಪೊನ್ನೇರಿಯ ಕಡೆಗೆ ಹೋದರು. ಸಂಸಾರ ಅಲ್ಲಿಂದ ಮದರಾಸಿಗೆ ಬಂದಿತು.

ಹುಡುಗನಿಗೆ ಪಾಠಶಾಲೆ ಹಿಡಿಸಲಿಲ್ಲ. ಸಮೀಪದ ಕಂದಕೋಟ್ಟದ ಮುರುಗನ ಗುಡಿಗೆ ಹೋಗಿ ಹಾಡು ಕಟ್ಟಿ ಹಾಡುವುದರಲ್ಲಿಯೇ ಅವನ ಮನಸ್ಸು. ಅಣ್ಣನವರು ಸಿಟ್ಟಾಗಿ, ಇವನಿಗೆ ಮನೆಯಲ್ಲಿ ಊಟ ಹಾಕಕೂಡದೆಂದು ಕಟ್ಟಪ್ಪಣೆ ಮಾಡಿದರಂತೆ. ಅತ್ತಿಗೆ ಮಾತ್ರ ಗುಟ್ಟಾಗಿ ಕರೆದು ಬಡಿಸುತ್ತಿದ್ದರೆಂದು ಚರಿತ್ರಕಾರರು ಹೇಳುತ್ತಾರೆ. ಈ ಕಥೆಯನ್ನು ನಾವು ಇಲ್ಲಿ ಎತ್ತಿಹೇಳುವುದಕ್ಕೆ ಕಾರಣವಿದೆ. ಮುಂದೆ ಹಸಿವನ್ನೇ ತನ್ನ ದರ್ಶನದ ನಡುಗಂಬವಾಗಿ ನಿಲ್ಲಿಸಿದ ಮಹನೀಯನು ಮೊದಲು ಕಂಡ ಕರುಣೆ ಅತ್ತಿಗೆಯ ಕೈಯಿಂದ ಬಂದ ಅನ್ನದ ರೂಪದಲ್ಲಿತ್ತು. ಆ ತಾಯಿ ಯಾವ ಸಿದ್ಧಾಂತವನ್ನೂ ಓದಿರಬೇಕಾಗಿರಲಿಲ್ಲ.

ಅಣ್ಣನಿಗೆ ಅನಾರೋಗ್ಯವಾದ ಒಂದು ದಿನ, ಸೋಮು ಚೆಟ್ಟಿಯಾರ್ ಎಂಬ ವರ್ತಕರ ಮನೆಯಲ್ಲಿ ನಿಗದಿಯಾಗಿದ್ದ ಪುರಾಣಪ್ರವಚನಕ್ಕೆ ತಮ್ಮನೇ ಹೋಗಿ ಮಾತನಾಡಬೇಕಾಯಿತಂತೆ. ಕೇಳಿದವರು ಬೆರಗಾಗಿ, ಮುಂದೆಯೂ ಇವನೇ ಹೇಳಲಿ ಎಂದರಂತೆ. ವೃತ್ತಾಂತದಲ್ಲಿ ಭಕ್ತರ ಪ್ರೀತಿ ಸೇರಿರಬಹುದು. ಆದರೆ ರಾಮಲಿಂಗರು ಮದರಾಸಿನಲ್ಲಿ ವಿದ್ವಾಂಸರೆಂದು ಹೆಸರಾದದ್ದು, 1851ರಿಂದ ಮುಂದೆ ಹಳೆಯ ತಮಿಳು ಗ್ರಂಥಗಳನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದ್ದು ನಿಜ. ಪಂಡಿತರ ಮನ್ನಣೆ, ಸಾಹುಕಾರರ ಆಶ್ರಯ ಎರಡೂ ಕೈಗೆಟುಕಿದ್ದವು. ಅವೆರಡನ್ನೂ ಬಿಟ್ಟು ಅವರು ಸುಮಾರು 1858ರಲ್ಲಿ ಮದರಾಸಿನಿಂದ ಹೊರಟು ದಕ್ಷಿಣ ಆರ್ಕಾಟು ಜಿಲ್ಲೆಯ ಕರುಂಗುಳಿ ಎಂಬ ಹಳ್ಳಿಯನ್ನು ಸೇರಿದರು.

ಏಕೆ ಬಿಟ್ಟರು? ಅವರ ಮುಂದಿನ ನಡೆಯನ್ನು ನೋಡಿದರೆ ಒಂದು ಕಾರಣ ಸ್ಪಷ್ಟವಾಗಿ ತೋರುತ್ತದೆ. ಸೌಕಾರ್‌ಪೇಟೆಯಂಥ ಕಡೆಯಲ್ಲಿ ಮಾತು ಬಲ್ಲವನಿಗೆ ಒಂದು ಪಕ್ಷದ ಬಾವುಟ ಸುಲಭವಾಗಿ ಸಿಗುತ್ತದೆ; ಬಾವುಟ ಹಿಡಿದವನಿಗೆ ಬಾಳಿನ ಅರ್ಥ ಸಿಕ್ಕಂತೆಯೂ ಅನಿಸುತ್ತದೆ. ತನ್ನ ಪಕ್ಷ ಗೆದ್ದರೆ ತಾನು ಸಾರ್ಥಕ, ಎದುರು ಪಕ್ಷ ಸೋತರೆ ಇನ್ನೂ ಸಾರ್ಥಕ. ರಾಮಲಿಂಗರಿಗೆ ಈ ಸಾರ್ಥಕ್ಯ ಸಾಲಲಿಲ್ಲ. 1865ರಲ್ಲಿ ಅವರು ಒಂದು ಸನ್ಮಾರ್ಗ ಸಂಘವನ್ನು ಸ್ಥಾಪಿಸಿದರು. ಎಲ್ಲ ಜೀವಗಳನ್ನೂ ಸಮಾನವಾಗಿ ಕಾಣುವುದು, ಜಾತಿ ಮತ ಸಂಪ್ರದಾಯಗಳ ಕಟ್ಟಿನಿಂದ ಹೊರಗೆ ಬರುವುದು ಅದರ ಉದ್ದೇಶವಾಗಿತ್ತು. ಸಂಘವೆಂದ ಮೇಲೆ ಅದೂ ಒಂದು ಪಕ್ಷವಾಗಬಹುದಲ್ಲವೆ? ಆಗದಂತೆ ಅವರು ಮಾಡಿದ ಉಪಾಯ ಎರಡು ವರ್ಷಗಳ ತರುವಾಯ ಕಾಣಿಸಿತು.

1867ರ ಮೇ 23ರಂದು ವಡಲೂರಿನಲ್ಲಿ ಸತ್ಯ ಧರ್ಮಶಾಲೆ ತೆರೆಯಿತು. ನೆರೆಯ ಪಾರ್ವತೀಪುರದ ಗ್ರಾಮಸ್ಥರು ಇದಕ್ಕಾಗಿ ಸುಮಾರು 80 ಕಾಣಿ ನೆಲವನ್ನು ಬಿಟ್ಟುಕೊಟ್ಟರು. ಶಾಲೆ ಎಂದರೆ ಇಲ್ಲಿ ಅಡಿಗೆಮನೆ. ಅಂದು ರಾಮಲಿಂಗರು ಹೊತ್ತಿಸಿದ ಒಲೆಯ ಬೆಂಕಿಯನ್ನು ಆರಲು ಬಿಡದೆ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಹಸಿದು ಬಂದವರಿಗೆ ಅಲ್ಲಿ ಇಂದಿಗೂ ಊಟವುಂಟು. ಜೀವಕಾರುಣ್ಯವನ್ನು ಕುರಿತು ಅವರು ಬರೆದ ಗದ್ಯಗ್ರಂಥದ ಸಾರ ಇಷ್ಟೆ: ಜೀವಿಗಳಿಗೆ ಬರುವ ಸಂಕಟಗಳಲ್ಲಿ ಹಸಿವೇ ದೊಡ್ಡದು, ಹಸಿದವನ ದೇಶ ಯಾವುದು, ಮತ ಯಾವುದು, ಜಾತಿ ಯಾವುದು, ನಡತೆ ಎಂಥದು ಎಂದು ವಿಚಾರಿಸದೆ ಅವನ ಹಸಿವನ್ನು ತಣಿಸುವುದೇ ದೇವರ ಪೂಜೆ.

ಇದು ಆ ಕಾಲದಲ್ಲಿ ಒಣ ಉಪದೇಶವಾಗಿರಲಿಲ್ಲ. ಸೌಕಾರ್‌ಪೇಟೆಯ ಉತ್ತರಕ್ಕಿರುವ ಮಣೇಗಾರ್ ಛತ್ರ ಆರಂಭವಾದದ್ದೇ 1782ರ ಕ್ಷಾಮದಲ್ಲಿ ಗಂಜಿಕೇಂದ್ರವಾಗಿ. ಧರ್ಮಶಾಲೆ ತೆರೆಯುವುದಕ್ಕೆ ಒಂದು ವರ್ಷ ಮುಂಚೆ, 1866ರಲ್ಲಿ, ಒರಿಸ್ಸಾದಿಂದ ಕೆಳಗೆ ಪೂರ್ವ ಕರಾವಳಿಯಲ್ಲಿ ಘೋರವಾದ ಬರ ಬಂದಿತ್ತು. ಅದಾಗಿ ಹತ್ತು ವರ್ಷಕ್ಕೆ, 1876ರಿಂದ 1878ರವರೆಗೆ, ನಮ್ಮ ಹಿರಿಯರು ಧಾತು ಈಶ್ವರದ ಬರವೆಂದು ನಡುಗುತ್ತ ಹೇಳುತ್ತಿದ್ದ ಮಹಾಕ್ಷಾಮ ಮದರಾಸು, ಮೈಸೂರು ಎರಡನ್ನೂ ತಿಂದಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹಸಿವಿನಿಂದ ಸಾಯುವವನ ಮುಂದೆ ದ್ವೈತವೋ ಅದ್ವೈತವೋ ಎಂದು ಕೇಳುವುದು ಎಷ್ಟು ಕ್ರೂರವೆಂದು ಆ ತಲೆಮಾರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಆದರೆ ವಾದಗಳು ರಾಮಲಿಂಗರನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ. ಅವರ ಹಾಡುಗಳನ್ನು ಅಚ್ಚು ಹಾಕಿಸಬೇಕೆಂದು ಶಿಷ್ಯರಿಗೆ ಆಸೆ, ಅವರಿಗೆ ಸಂಕೋಚ. ಇರುಕ್ಕಂ ರತ್ನ ಮುದಲಿಯಾರ್ ಎಂಬ ಶಿಷ್ಯರು, ಅಪ್ಪಣೆಯಾಗುವವರೆಗೆ ದಿನಕ್ಕೆ ಒಪ್ಪೊತ್ತು ಮಾತ್ರ ಉಣ್ಣುವೆನೆಂದು ಹಟ ಹಿಡಿದು ಒಪ್ಪಿಸಿದರು. ಒಪ್ಪಿದಾಗಲೂ, ರಾಮಲಿಂಗಸ್ವಾಮಿ ಎಂಬ ಹೆಸರು ಆಡಂಬರವಾಗಿ ತೋರುತ್ತದೆ, ಹಾಗೆ ಅಚ್ಚು ಹಾಕಿಸಬೇಡಿರೆಂದು ಅವರು ಕಾಗದ ಬರೆದರು. 1867ರಲ್ಲಿ ಪುಸ್ತಕ ಹೊರಬಂದಿತು. ಪ್ರಕಟಣೆಯ ಭಾರ ಹೊತ್ತ ತೊಳುವೂರು ವೇಲಾಯುಧ ಮುದಲಿಯಾರರು ಅದಕ್ಕೆ ತಿರುವರುಟ್ಪಾ ಎಂದು ಹೆಸರಿಟ್ಟು, ಶೈವರ ಪವಿತ್ರ ಗ್ರಂಥಗಳಂತೆ ತಿರುಮುರೈ ಎಂಬ ಭಾಗಗಳನ್ನು ಮಾಡಿದರು. ಅರುಟ್ಪಾ ಎಂದರೆ ದೇವರ ಅರುಳಿನಿಂದ ಬಂದ ಹಾಡು. ಯಾಳ್ಪಾಣದ ಮಹಾವಿದ್ವಾಂಸ ಆರುಮುಗ ನಾವಲರು ಇದನ್ನು ಕಂಡು ಕೆರಳಿದರು. ಪ್ರಾಚೀನ ನಾಯನ್ಮಾರರ ಹಾಡುಗಳಿಗೆ ಸಲ್ಲುವ ಹೆಸರನ್ನು ಇಂದಿನವನ ಹಾಡಿಗೆ ಇಡಬಹುದೆ? ಇದು ಅರುಟ್ಪಾ ಅಲ್ಲ, ಮರುಟ್ಪಾ, ಎಂದರೆ ಭ್ರಾಂತಿಯ ಹಾಡು ಎಂದು ಅವರ ಪಕ್ಷದವರು ಖಂಡಿಸಿದರು. 1869ರಲ್ಲಿ ಈ ವ್ಯಾಜ್ಯ ಮಂಜಕುಪ್ಪದ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ನಾವಲರು ಅಲ್ಪರಲ್ಲ. ತಮಿಳು ಗದ್ಯಕ್ಕೂ ಪ್ರಾಚೀನ ಗ್ರಂಥಗಳ ಶುದ್ಧ ಮುದ್ರಣಕ್ಕೂ ಅವರು ಮಾಡಿದ ಸೇವೆ ಅಪಾರ. ಅವರ ದೃಷ್ಟಿಯಲ್ಲಿ ಅವರು ಪರಂಪರೆಯ ಕಾವಲುಗಾರರು; ಕಾವಲು ಇಲ್ಲದಿದ್ದರೆ ಪರಂಪರೆ ಉಳಿಯುವುದೂ ಇಲ್ಲ. ಆದರೆ ವಿಚಿತ್ರವನ್ನು ಗಮನಿಸಬೇಕು. ಎರಡು ಪಕ್ಷದ ಪಂಡಿತರು ಹೊಡೆದಾಡಿದ್ದು ಒಂದು ಹೆಸರಿಗಾಗಿ. ಆ ಹೆಸರನ್ನು ಕವಿ ತಾನಾಗಿ ಇಟ್ಟುಕೊಂಡಿರಲಿಲ್ಲ. ರಾಮಲಿಂಗರೂ ನಾವಲರೂ ಕಾಲವಾದ ಮೇಲೆಯೂ ಜಗಳ ನಿಲ್ಲದೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಮತ್ತೊಮ್ಮೆ ಭುಗಿಲೆದ್ದಿತು. ಆಗ ಅರುಟ್ಪಾದ ಪಕ್ಷವನ್ನು ವಹಿಸಿ ಸಭೆಗಳಲ್ಲಿ ನಿರರ್ಗಳವಾಗಿ ಮಾತನಾಡಿದವರಲ್ಲಿ ಒಬ್ಬರು ಶತಾವಧಾನಿ ಸೆಯ್ಗು ತಂಬಿ ಪಾವಲರು, ಮುಸಲ್ಮಾನ ವಿದ್ವಾಂಸರು. ಶೈವರ ಮನೆಜಗಳದಲ್ಲಿ ಇಸ್ಲಾಮಿನ ಭಕ್ತನೊಬ್ಬನು ಆ ಹಾಡುಗಳ ಪರವಾಗಿ ನಿಂತದ್ದು ಸಾಮಾನ್ಯ ಸಂಗತಿಯಲ್ಲ.

ಇನ್ನು ರಾಮಲಿಂಗರಿಗೆ ಯಾವ ನಿಯಮವೂ ಇರಲಿಲ್ಲವೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. 1872ರ ಜನವರಿ 25ರಂದು, ತೈಪೂಸದ ದಿನ, ವಡಲೂರಿನಲ್ಲಿ ಸತ್ಯ ಜ್ಞಾನಸಭೆ ಆರಂಭವಾಯಿತು. ಎಂಟು ಮೂಲೆಯ ಆ ಮಂದಿರದಲ್ಲಿ ವಿಗ್ರಹವಿಲ್ಲ. ಏಳು ಬಣ್ಣದ ತೆರೆಗಳ ಹಿಂದೆ ಒಂದು ಜ್ಯೋತಿ. ತೆರೆಗಳನ್ನು ಒಂದೊಂದಾಗಿ ಸರಿಸಿದಾಗ ಬೆಳಕು ಕಾಣುತ್ತದೆ. ಕೊಲ್ಲದವರು, ಮಾಂಸ ತಿನ್ನದವರು ಮಾತ್ರ ಒಳಗೆ ಬರಬೇಕೆಂಬ ನಿಬಂಧನೆ ಅಲ್ಲಿದೆ. ಅಹಿಂಸೆಯನ್ನು ಒಪ್ಪದವರನ್ನು ಅವರು ಹೊರಗಿನ ನೆಂಟರೆಂದು ಕರೆದರು. ಆದರೆ ಧರ್ಮಶಾಲೆಯ ಬಾಗಿಲಲ್ಲಿ ಆ ನಿಬಂಧನೆ ಇಲ್ಲ. ಹೊರಗಿನ ನೆಂಟರಿಗೂ ಹಸಿವಾದಾಗ ಅನ್ನವಿಕ್ಕಲೇಬೇಕೆಂದು ಅವರೇ ವಿಧಿಸಿದರು. ಒಂದೇ ಬಯಲಿನಲ್ಲಿ ಎರಡು ಬಾಗಿಲು: ಒಂದರಲ್ಲಿ ನಂಬಿಕೆಗೆ ಸ್ಥಾನ, ಇನ್ನೊಂದರಲ್ಲಿ ಹೊಟ್ಟೆಗೆ ಸ್ಥಾನ. ನಂಬಿಕೆಯ ಬಾಗಿಲಿನ ನಿಯಮವನ್ನು ಹೊಟ್ಟೆಯ ಬಾಗಿಲಿಗೆ ತಂದು ಅಂಟಿಸಲಿಲ್ಲವೆಂಬುದರಲ್ಲಿಯೇ ಈ ಮಹನೀಯರ ದೊಡ್ಡತನವಿದೆ. ಮನುಷ್ಯನಿಗೆ ಸಿದ್ಧಾಂತವೇ ಇರಬಾರದೆಂದು ಅಲ್ಲ. ಸಿದ್ಧಾಂತ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಹಸಿದವನನ್ನು ತಡೆಯಬಾರದು, ಅಷ್ಟೆ.

ಅವರು ತಮ್ಮ ಹಳೆಯ ನಂಬಿಕೆಯನ್ನೂ ಹಾಗೆಯೇ ಪರೀಕ್ಷೆಗೆ ಒಡ್ಡಿದರು. 1873ರ ಅಕ್ಟೋಬರ್ 22ರಂದು ಮೇಟ್ಟುಕುಪ್ಪದಲ್ಲಿ ಧ್ವಜವೇರಿಸಿ ಮಾಡಿದ ಉಪದೇಶದಲ್ಲಿ, ತಮಗೂ ಒಂದು ಕಾಲಕ್ಕೆ ಶೈವಮತದಲ್ಲಿ ಅಪಾರ ಪಕ್ಷಪಾತವಿತ್ತೆಂದೂ ಈಗ ಅದು ಕಳಚಿಹೋಗಿದೆಯೆಂದೂ ಸಭೆಯೆದುರು ಹೇಳಿದರು. ಹಾಡಿ ಹಾಡಿ ಹೆಸರು ಗಳಿಸಿದ ಮತವನ್ನು ಐವತ್ತನೆಯ ವಯಸ್ಸಿನಲ್ಲಿ ದಾಟಿ ನಿಲ್ಲುವುದಕ್ಕೆ ಧೈರ್ಯ ಬೇಕು. 1874ರ ಜನವರಿ 30ರಂದು ಅವರು ಮೇಟ್ಟುಕುಪ್ಪದ ಕೋಣೆಯೊಂದನ್ನು ಹೊಕ್ಕು ಬಾಗಿಲು ಹಾಕಿಸಿಕೊಂಡರು. ಮತ್ತೆ ಯಾರಿಗೂ ಕಾಣಿಸಿಕೊಳ್ಳಲಿಲ್ಲ. ಭಕ್ತರು ಅವರು ಜ್ಯೋತಿಯಲ್ಲಿ ಲೀನರಾದರೆಂದು ನಂಬುತ್ತಾರೆ. 1878ರಲ್ಲಿ ಅಚ್ಚಾದ ದಕ್ಷಿಣ ಆರ್ಕಾಟು ಜಿಲ್ಲೆಯ ಸರಕಾರಿ ಕೈಪಿಡಿಯೂ ಈ ಸಂಗತಿಯನ್ನು ಪ್ರಸ್ತಾಪಿಸಿದೆ.

ತರುವಾಯ ಆದದ್ದು ನಾವೆಲ್ಲರೂ ಬಲ್ಲ ಕಥೆ. ಶೈವರು ಅವರನ್ನು ತಮ್ಮವರೆಂದರು. ಥಿಯಾಸಫಿಯವರು 1882ರಲ್ಲಿ ತಮ್ಮ ಪತ್ರಿಕೆಯಲ್ಲಿ ಶಿಷ್ಯ ವೇಲಾಯುಧ ಮುದಲಿಯಾರರ ಹೇಳಿಕೆಯನ್ನು ಪ್ರಕಟಿಸಿ ತಮ್ಮ ಮುನ್ಸೂಚಕರೆಂದರು. ಜಾತಿಯನ್ನು ಖಂಡಿಸಿದರೆಂದು ವಿಚಾರವಾದಿಗಳೂ ಗೌರವಿಸಿದರು. ವಿಗ್ರಹವಿಲ್ಲದ ಜ್ಞಾನಸಭೆಯೊಳಗೆ ಕಾಲಕ್ರಮದಲ್ಲಿ ಲಿಂಗಪೂಜೆ ಬಂದಿತು. ಜ್ಯೋತಿಯ ಆರಾಧನೆಯಷ್ಟೇ ನಡೆಯಬೇಕೆಂದು 2006ರಲ್ಲಿ ಧರ್ಮಾದಾಯ ಇಲಾಖೆ ಆದೇಶಿಸಬೇಕಾಯಿತು, 2010ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಬೇಕಾಯಿತು. ಕಟ್ಟುಗಳನ್ನು ಬಿಡಿಸಲು ಬಂದವನ ಹೆಸರಿನಲ್ಲಿಯೇ ಹೊಸ ಕಟ್ಟು ಬೀಳುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಸಭೆಗೆ ವ್ಯಾಜ್ಯ ತಪ್ಪಲಿಲ್ಲ. ಒಲೆಗೆ ಮಾತ್ರ ವ್ಯಾಜ್ಯ ಅಂಟಲಿಲ್ಲ. ಅದು ಉರಿಯುತ್ತಲೇ ಇದೆ.

ಇಷ್ಟನ್ನು ಕೇಳಿದ ಕನ್ನಡಿಗನಿಗೆ ತನ್ನ ಮನೆಯ ಸಂಗತಿಗಳೇ ನೆನಪಾಗದೆ ಇರವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕದೊಂದಿಗೆ ದಾಸೋಹವನ್ನು ಜೋಡಿಸಿದರು; ದುಡಿದದ್ದನ್ನು ಹಂಚಿ ಉಣ್ಣುವುದೇ ಧರ್ಮದ ಅರ್ಧವೆಂದು ಬಾಳಿ ತೋರಿಸಿದರು. ಶಿಶುನಾಳದ ಶರೀಫರು, 1819ರಿಂದ 1889ರವರೆಗೆ ಬಾಳಿದವರು, ರಾಮಲಿಂಗರ ಸಮಕಾಲೀನರು. ಮುಸಲ್ಮಾನ ಶರೀಫರನ್ನು ಕಳಸದ ಗೋವಿಂದಭಟ್ಟರು ಶಿಷ್ಯನಾಗಿ ಸ್ವೀಕರಿಸಿದಾಗ ಎರಡು ಕಡೆಯವರೂ ಮುನಿದರು. ಇಂದು ಅವರ ಗದ್ದುಗೆಗೆ ಎರಡು ಕಡೆಯವರೂ ನಡೆದುಕೊಳ್ಳುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿಯೂ ಅಟವೀಸ್ವಾಮಿಗಳು ಹೊತ್ತಿಸಿದ ಒಲೆ ಆರಿಲ್ಲವೆಂಬ ಪ್ರತೀತಿ ಇದೆ. ಅಲ್ಲಿ 2019ರವರೆಗೆ ಬಾಳಿದ ಶಿವಕುಮಾರ ಸ್ವಾಮಿಗಳು ಎಲ್ಲ ಜಾತಿಯ ಸಾವಿರಾರು ಬಡಮಕ್ಕಳಿಗೆ ಅನ್ನವಿತ್ತು ಓದಿಸಿದರು. ವಡಲೂರಿನ ಒಲೆಗೂ ಸಿದ್ಧಗಂಗೆಯ ಒಲೆಗೂ ಭಾಷೆ ಬೇರೆ, ಮತ ಬೇರೆ, ಬೆಂಕಿ ಒಂದೇ.

ಹೊರಗಿನ ಜಗತ್ತೂ ಈ ಪಾಠವನ್ನು ಬಹಳ ಬೆಲೆ ತೆತ್ತು ಕಲಿತಿದೆ. ಇಪ್ಪತ್ತನೆಯ ಶತಮಾನದಲ್ಲಿ ಜನಾಂಗದ ಹೆಸರಿನಲ್ಲಿ ಎದ್ದ ಒಂದು ಸಿದ್ಧಾಂತ ಯೂರೋಪಿನಲ್ಲಿ ಲಕ್ಷಾಂತರ ಮಂದಿಯನ್ನು ಸೆರೆಶಿಬಿರಗಳಿಗೆ ತಳ್ಳಿ ಕೊಂದಿತು. ಆ ಶಿಬಿರಗಳಿಂದ ಬದುಕಿ ಬಂದ ವಿಯೆನ್ನಾದ ವೈದ್ಯ ವಿಕ್ಟರ್ ಫ್ರಾಂಕಲ್ 1946ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಂಡುಕೊಂಡ ತಿರುಳೂ ಇದರ ಹತ್ತಿರಕ್ಕೇ ಬರುತ್ತದೆ. ಬಾಳಿನ ಅರ್ಥವೇನೆಂದು ನಾವು ಕೇಳುತ್ತ ಕೂರುವುದಲ್ಲ, ಬಾಳು ದಿನದಿನವೂ ನಮ್ಮನ್ನು ಕೇಳುತ್ತದೆ. ಎದುರಿಗೆ ಬಂದ ಕೆಲಸಕ್ಕೆ, ಎದುರಿಗೆ ಬಂದ ಮನುಷ್ಯನಿಗೆ ನಾವು ಕೊಡುವ ಉತ್ತರವೇ ಅರ್ಥ ಎಂದು ಅವರು ವಿವರಿಸಿದರು. ವಡಲೂರಿನಲ್ಲಿ ಎದುರಿಗೆ ಬಂದವನು ಹಸಿದವನು; ಉತ್ತರ ಒಂದು ತುತ್ತು ಅನ್ನ.

ಕಡೆಯದಾಗಿ ನಮ್ಮ ಹಬ್ಬದ ಮಾತು. ಭಾಷಾಭಿಮಾನ ಒಳ್ಳೆಯದು. ಅದಿಲ್ಲದಿದ್ದರೆ 1956ರ ನವೆಂಬರ್ 1ರ ಏಕೀಕರಣವೂ ಇರುತ್ತಿರಲಿಲ್ಲ, ಹೊರನಾಡಿನಲ್ಲಿ ಕನ್ನಡ ಸಂಘಗಳೂ ಇರುತ್ತಿರಲಿಲ್ಲ. ಆದರೆ ಅಭಿಮಾನವೂ ಮತವಾಗಿ ಗಟ್ಟಿಯಾದರೆ, ತಾಯಿಭಾಷೆಯ ಮೇಲಿನ ಪ್ರೀತಿ ನೆರೆಯ ಭಾಷೆಯ ಮೇಲಿನ ಸಿಟ್ಟಾಗಿ ತಿರುಗಿದರೆ, ನಾವೂ ಹೆಸರಿಗಾಗಿ ಹೊಡೆದಾಡಿದವರ ಸಾಲಿಗೆ ಸೇರುತ್ತೇವೆ. ಕಾವೇರಿಯ ಹೆಸರಿನಲ್ಲಿ 1991ರಲ್ಲಿ ಎರಡು ನಾಡುಗಳಲ್ಲಿಯೂ ಬಡವರ ಗುಡಿಸಲುಗಳೂ ಅಂಗಡಿಗಳೂ ಉರಿದದ್ದನ್ನು ಹೊರನಾಡಿಗರು ಮರೆಯುವಂತಿಲ್ಲ. ಅಂಥ ದಿನಗಳಲ್ಲಿ ನೆರೆಮನೆಯ ತಮಿಳರು ಕನ್ನಡಿಗರಿಗೂ, ನೆರೆಮನೆಯ ಕನ್ನಡಿಗರು ತಮಿಳರಿಗೂ ಬಾಗಿಲು ತೆರೆದದ್ದುಂಟು. ನಾಡಿನ ಮಾನ ಉಳಿದದ್ದು ಅಂಥ ಬಾಗಿಲುಗಳಿಂದ.

ಏಳು ಬಾವಿಯ ಆ ಬೀದಿಯಲ್ಲಿ ರಾಮಲಿಂಗರು ಇದ್ದ ಮನೆಯನ್ನು ಈಗಲೂ ತೋರಿಸುತ್ತಾರೆ. ಮಿಂಟ್ ಬೀದಿಗೆ ಬಟ್ಟೆಯನ್ನೋ ಪಾತ್ರೆಯನ್ನೋ ಕೊಳ್ಳಲು ಹೋಗುವ ನಮ್ಮವರು ಅತ್ತ ಒಂದು ಹೆಜ್ಜೆ ಹಾಕಿ ಬರಬೇಕೆಂದು ವಿನಂತಿ. ಆ ಮನೆಯಲ್ಲಿ ಒಬ್ಬ ಅತ್ತಿಗೆ, ಯಜಮಾನನ ಕಟ್ಟಪ್ಪಣೆಯನ್ನು ಮೀರಿ, ಹಸಿದ ಹುಡುಗನಿಗೆ ಅನ್ನ ಬಡಿಸಿದಳು. ಆ ತುತ್ತು ಎಷ್ಟು ದೂರ ನಡೆಯಿತೆಂಬುದನ್ನು ವಡಲೂರಿನ ಪಂಕ್ತಿಯಲ್ಲಿ ಕುಳಿತವರು ಬಲ್ಲರು. ನಮ್ಮ ಸಂಘದ ಹಬ್ಬದೂಟದಲ್ಲಿಯೂ ಗುರುತಿಲ್ಲದವರಿಗಾಗಿ ಒಂದು ಎಲೆ ಹೆಚ್ಚಾಗಿ ಹಾಕಿರಲಿ. ಕನ್ನಡದ ಹೆಸರು ಅದರಿಂದ ದೊಡ್ಡದಾಗುತ್ತದೆ.